ಅಪ್‌ಡೇಟ್: ಬೇಲಿ ಹಾಕೋಕೆ ದಿಶಾಂಕ್ ಆ್ಯಪ್ ಸಾಕಾ?

ಜಮೀನಿನ ಗಡಿ ಗುರುತಿಸೋಕೆ ಯಾವ ಆ್ಯಪ್ ಒಳ್ಳೇದು, ಅದನ್ನ ನಂಬಿ ಬೇಲಿ ಹಾಕಬಹುದಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ. ಕೊನೆಗೆ ಆರಿಸಿಕೊಂಡಿದ್ದು ದಿಶಾಂಕ್. ಕರ್ನಾಟಕದ ಸರ್ವೆ ನಂಬರ್ ಗಡಿಗಳನ್ನ ಉಪಗ್ರಹ ಚಿತ್ರದ ಮೇಲೆ ತೋರಿಸೋ ಸರ್ಕಾರಿ ಆ್ಯಪ್ ಅದು. ಗೂಗಲ್ ಮ್ಯಾಪ್‌ನಲ್ಲಿ ಈ ಗೆರೆಗಳೇ ಇಲ್ಲ.

ಆದರೆ ಬೇಲಿಗೆ ಇದು ಸಾಲದು. ಬಯಲಲ್ಲೇ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತೆ, ಅಡಿಕೆ ತೋಟದ ನೆರಳಲ್ಲಿ ಇನ್ನೂ ಹೆಚ್ಚು. 100 ಮೀಟರ್ ಉದ್ದದ ಗಡಿ 5 ಮೀಟರ್ ಸರಿದರೆ 500 ಚದರ ಮೀಟರ್, ಅಂದರೆ ಹತ್ತಿರ ಹತ್ತಿರ 5 ಗುಂಟೆ! ಹಳೇ ಗ್ರಾಮನಕ್ಷೆಯನ್ನ ಉಪಗ್ರಹ ಚಿತ್ರಕ್ಕೆ ಹೊಂದಿಸುವಾಗ ಬರೋ ವ್ಯತ್ಯಾಸ ಬೇರೆ. ಪೋಡಿ ಆಗದ (ಒಳಗಿನ ಪಾಲುಗಳನ್ನ ಅಳೆದು ಬೇರೆ ಬೇರೆ ಮಾಡದ) ಜಮೀನಾದರೆ ಸರ್ವೆ ನಂಬರಿನ ಹೊರಗೆರೆ ಮಾತ್ರ ಸಿಗುತ್ತೆ, ಒಳಗಿನ ಪಾಲು ಯಾರದ್ದು ಎಲ್ಲಿ ಅಂತ ಅದರಿಂದ ತಿಳಿಯಲ್ಲ.

ಬಳಸೋ ಕ್ರಮ: ಫೋನಿನಲ್ಲಿ ನಿಖರ ಲೊಕೇಶನ್ ಆನ್ ಮಾಡಿ, ಮರದಿಂದ ದೂರ ಎರಡು ನಿಮಿಷ ನಿಂತು ನೀಲಿ ಚುಕ್ಕೆ ನೆಲೆಗೊಳ್ಳಲಿ. ಆಮೇಲೆ ಸರ್ವೆ ನಂಬರ್ ನೋಡಿ, ಪಹಣಿಯ ವಿಸ್ತೀರ್ಣದ ಜೊತೆ ತಾಳೆ ಹಾಕಿ. ಖರಾಬು (ಸಾಗುವಳಿಗೆ ಬಾರದ ಜಾಗ) ಲೆಕ್ಕ ಮರೀಬೇಡಿ, ಗೊಂದಲ ಹುಟ್ಟೋದೇ ಅಲ್ಲಿ. ಗೆರೆ ಹಿಡಿದು ನಡೆದು ಹಳೇ ಬಾಂದು ಕಲ್ಲು (ಗಡಿ ಕಲ್ಲು) ಹುಡುಕಿ.

ಕಲ್ಲು ಸಿಗದಿದ್ದರೆ ನಾಡಕಚೇರಿಯಲ್ಲಿ ಹದ್ದುಬಸ್ತಿಗೆ (ಸರ್ಕಾರಿ ಗಡಿ ಅಳತೆಗೆ) ಅರ್ಜಿ ಕೊಡಿ. ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟು, ಸರ್ವೆಯರ್ ಟಿಪ್ಪಣಿ (ಮೂಲ ಅಳತೆಯ ದಾಖಲೆ) ನೋಡಿ ಅಳೆದು ಗಡಿ ಗುರುತಿಸ್ತಾರೆ. ಕಂಬಕ್ಕೆ ಗುಂಡಿ ತೋಡೋದು ಅದಾದ ಮೇಲೆ.