ಯುರೇನೈಲ್ ಅಯಾನಿಗೆ ಲಿಗಂಡ್‌ಗಳು ಪಕ್ಕಗಳಿಂದ ಮಾತ್ರ ಸೇರುವುದೇಕೆ?

ಎಂ.ಎಸ್ಸಿ. ವಿದ್ಯಾರ್ಥಿನಿ, ಹಾಸನ:
ದ್ರಾವಣದಲ್ಲಿರುವ ಯುರೇನೈಲ್ ಅಯಾನಿಗೆ (ಎರಡು ಆಕ್ಸಿಜನ್ ಹೊತ್ತ ಯುರೇನಿಯಂ) ಸಾವಯವ ಲಿಗಂಡ್‌ಗಳು (ಲೋಹಕ್ಕೆ ಅಂಟುವ ಅಣುಗಳು) ಎಲ್ಲ ದಿಕ್ಕುಗಳಿಂದಲೂ ಬಂಧ ಏರ್ಪಡಿಸಿಕೊಳ್ಳದಿರಲು ಕಾರಣವೇನೆಂದು ಬಲ್ಲವರು ದಯವಿಟ್ಟು ತಿಳಿಸಬೇಕು. ಪ್ಲುಟೋನಿಯಂಗೂ ಇದೇ ನಿಯಮವೇ?

ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕ, ಹಾಸನ:
+6 ಸ್ಥಿತಿಯ ಯುರೇನಿಯಂ ಎರಡು ಆಕ್ಸಿಜನ್‌ಗಳನ್ನು ಮೇಲೊಂದು ಕೆಳಗೊಂದರಂತೆ, ಸುಮಾರು 1.8 ಆಂಗ್‌ಸ್ಟ್ರಾಮ್ ದೂರದಲ್ಲಿ ಬಿಗಿಯಾಗಿ ಹಿಡಿದಿರುವುದರಿಂದ, ಲಿಗಂಡ್‌ನ ದಾನಿ ಪರಮಾಣುಗಳಿಗೆ (ಎಲೆಕ್ಟ್ರಾನ್ ಜೋಡಿ ಕೊಟ್ಟು ಲೋಹಕ್ಕೆ ಅಂಟುವಂಥವು) ನಡುವಿನ ಸಮತಲದಲ್ಲಿ, ಚಕ್ರದ ಕಡ್ಡಿಗಳಂತೆ, ನಾಲ್ಕರಿಂದ ಆರು ಸ್ಥಾನಗಳಷ್ಟೇ ದೊರೆಯುತ್ತವೆ. +4 ಸ್ಥಿತಿಯ ಪ್ಲುಟೋನಿಯಂಗೆ ಈ ಅಡ್ಡಿಯಿಲ್ಲ. ಎಂಟು ಅಥವಾ ಅದಕ್ಕೂ ಹೆಚ್ಚು ದಾನಿಗಳು ಅದನ್ನು ಸುತ್ತುವರಿಯಬಲ್ಲವು. ಕಬ್ಬಿಣದ +3 ಅಯಾನನ್ನು ಹೋಲುವ ಗುಣದಿಂದಾಗಿ ಅದು ರಕ್ತದಲ್ಲಿ ಕಬ್ಬಿಣ ಸಾಗಿಸುವ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನಿಗೂ ಅಂಟಿಕೊಳ್ಳುತ್ತದೆ; ದೇಹದಿಂದ ಅದನ್ನು ಹೊರಹಾಕಲು ವೈದ್ಯರು ಡಿಟಿಪಿಎ ಎಂಬ, ಲೋಹವನ್ನು ಹಿಡಿದಿಡುವ ಔಷಧ ಕೊಡುವುದುಂಟು.

ಕಾಫಿ ಬೆಳೆಗಾರ, ಚಿಕ್ಕಮಗಳೂರು:
ಮೇಷ್ಟ್ರು ಪಿಎಚ್ (ದ್ರಾವಣದ ಆಮ್ಲ-ಕ್ಷಾರ ಮಟ್ಟ) ವಿಚಾರವನ್ನು ಬಿಟ್ಟಿದ್ದಾರೆ. ನಮ್ಮ ತೋಟಗಳಲ್ಲಿ ತರಗೆಲೆ ಕೊಳೆತು ಕಪ್ಪಾದ ಮೇಲ್ಮಣ್ಣಿನಲ್ಲಿರುವಂಥ ಹ್ಯೂಮಿಕ್ ಆಮ್ಲದ ಕಾರ್ಬಾಕ್ಸಿಲ್ ಗುಂಪುಗಳು ಯುರೇನೈಲನ್ನು ಚೆನ್ನಾಗಿ ಹಿಡಿಯುತ್ತವೆಯಾದರೂ, ದ್ರಾವಣ ತೀರ ಆಮ್ಲೀಯವಾದರೆ ಪ್ರೋಟಾನ್‌ಗಳೇ ಆ ಗುಂಪುಗಳನ್ನು ಆಕ್ರಮಿಸುತ್ತವೆ. ಕ್ಷಾರೀಯವಾದರೆ ಹೈಡ್ರಾಕ್ಸೈಡ್ ಮತ್ತು ಕಾರ್ಬೊನೇಟ್ ಅಯಾನುಗಳು ಯುರೇನೈಲನ್ನೇ ಕಸಿದುಕೊಳ್ಳುತ್ತವೆ.

ವಿದ್ಯಾರ್ಥಿನಿ:
ಧನ್ಯವಾದಗಳು ಸರ್. ಹಾಗಾದರೆ ಕಾರ್ಬಾಕ್ಸಿಲ್‌ನಂಥ ಆಕ್ಸಿಜನ್ ದಾನಿಗಳದ್ದೇ ಎಲ್ಲ ಕಡೆಯೂ ಮೇಲುಗೈಯೇ?

ಅಧ್ಯಾಪಕ:
ಬಹುಮಟ್ಟಿಗೆ ಹೌದು. ಆದರೆ ಅಮೆರಿಷಿಯಂ +3 ಅನ್ನು ಅದನ್ನೇ ಹೋಲುವ ಯೂರೋಪಿಯಂನಿಂದ ಬೇರ್ಪಡಿಸಲು ನೈಟ್ರೋಜನ್‌ನಂಥ ಮೃದುವಾದ ದಾನಿಗಳು ಹೆಚ್ಚು ನೆರವಾಗುತ್ತವೆ.