ಸಂತರು ಅಂದ್ರೆ ಯಾರು? ಬೈಬಲ್ಲಲ್ಲಿ ಒಂದರ್ಥ, ಚರ್ಚಲ್ಲಿ ಇನ್ನೊಂದಾ?

ಹುಬ್ಬಳ್ಳಿ ಮಗಳು:
ನಮಸ್ಕಾರ. ನಾನು ಸಿಎಸ್ಐ, ಅಂದ್ರೆ ಪ್ರೊಟೆಸ್ಟೆಂಟ್ ಮನೇಲಿ ಬೆಳೆದವಳು, ಮದ್ವೆ ಆಗಿ ಬಂದಿದ್ದು ಮಂಗಳೂರಿನ ಕ್ಯಾಥೊಲಿಕ್ ಮನೆಗೆ. ಅತ್ತೆ ಬೀಗದಕೈ ಕಳೆದ್ರೂ ಸಂತ ಅಂತೋನಿಯವ್ರನ್ನ ಕರೀತಾರೆ, ಅದು ರೂಢಿ ಆಗೋಗಿದೆ, ಬೇಜಾರಿಲ್ಲ. ಆದ್ರೆ ನವೆಂಬರ್ 1ರ ಸಕಲ ಸಂತರ ಹಬ್ಬದಿಂದ ಬಂದ ಮಗಳು ಅಮ್ಮಾ ನಾನೂ ಸಂತ ಆಗ್ಬಹುದಾ ಅಂತ ಕೇಳಿದ್ಲು, ನನಗೆ ಉತ್ತರ ಹೊಳೀಲಿಲ್ಲ. ಯಾಕಂದ್ರೆ ನಮ್ಮಪ್ಪ ಹೇಳ್ತಿದ್ದಿದ್ದು, ಅಪೊಸ್ತಲ ಪೌಲ ಬೈಬಲ್ಲಲ್ಲಿರೋ ಪತ್ರಗಳನ್ನ ಬರೆಯೋವಾಗ ಸಭೆಯವ್ರನ್ನೆಲ್ಲ ದೇವಜನರು ಅಂತಾನೆ, ಇಂಗ್ಲಿಷ್ ಬೈಬಲ್ಲಲ್ಲಿ ಅದೇ ಜಾಗದಲ್ಲಿ ಸೇಂಟ್ಸ್ ಅಂತಿದೆ ಅಂತ. ಹಂಗಾದ್ರೆ ಎಲ್ರೂ ಸಂತರೇ ಅಲ್ವಾ, ರೋಮ್‌ನಲ್ಲಿ ಘೋಷಣೆ ಮಾಡೋದು ಯಾಕೆ?

ಧಾರವಾಡದ ಓದುಗ:
ಅಕ್ಕ, ನಿಮ್ಮಪ್ಪ ಹೇಳಿದ್ದು ಸರಿ. ಗ್ರೀಕಲ್ಲಿ ಇರೋ ಪದ ಹಾಗಿಯೋಯ್, ಅದರ ಹಿಂದೆ ಹೀಬ್ರೂವಿನ ಕಾದೋಶ್, ಅಂದ್ರೆ ದೇವರಿಗೆ ಅಂತ ಬೇರೆ ತೆಗೆದಿಟ್ಟಿದ್ದು. ನಮ್ಮಲ್ಲಿ ಇದಕ್ಕೆ ಎಷ್ಟು ಚೆಂದದ ಮಾತಿದೆ ನೋಡಿ, ಮುಡಿಪು. ಹರಕೆ ಹೊತ್ತು ದುಡ್ಡನ್ನ ಬಟ್ಟೇಲಿ ಕಟ್ಟಿ ಇಟ್ಟ ಮೇಲೆ ಎಷ್ಟೇ ಕಷ್ಟ ಬಂದ್ರೂ ಆ ಗಂಟಿಗೆ ಯಾರೂ ಕೈ ಹಾಕಲ್ಲ, ಒಳಗಿರೋದು ಹಳೇ ಹರಿದ ನೋಟೇ ಆಗಿರ್ಲಿ, ಅದು ದೇವರದ್ದು. ದೇವಾಲಯದ ಪಾತ್ರೆಗಳೂ ಹಿಂಗೇ ಪರಿಶುದ್ಧ ಆಗಿದ್ದು, ಪಾತ್ರೆ ಏನು ಪುಣ್ಯ ಮಾಡಿರುತ್ತೆ ಹೇಳಿ.

ಪೌಲ ಪತ್ರ ಬರೆದ ಕೊರಿಂಥ ಊರಿನ ಸಭೆಯವ್ರನ್ನೇ ತಗೊಳ್ಳಿ. ಮೊದಲ ಪತ್ರದ ಎರಡನೇ ವಚನದಲ್ಲೇ ಪೌಲ ಅವ್ರಿಗೆ ಈ ಹೆಸರು ಕೊಡ್ತಾನೆ, ಆಮೇಲೆ ಓದ್ತಾ ಹೋದ್ರೆ ಗುಂಪುಗಾರಿಕೆ, ಒಬ್ಬ ಅಪ್ಪನ ಹೆಂಡತಿಯನ್ನೇ ಇಟ್ಕೊಂಡಿದ್ದಾನೆ, ಒಂದೇ ಸಭೆಯ ಅಣ್ಣತಮ್ಮಂದಿರು ಕೋರ್ಟಿಗೆ ಹೋಗಿದ್ದಾರೆ, ಯೇಸುವಿನ ನೆನಪಿಗೆ ಮಾಡೋ ಕರ್ತನ ಭೋಜನಕ್ಕೆ ಬಂದು ಕುಡಿದು ಅಮಲೇರಿಸ್ಕೊಂಡಿದ್ದಾರೆ. ಪೌಲ ಬಿಡದೆ ಬೈತಾನೆ, ಆದ್ರೆ ಕೊಟ್ಟ ಹೆಸರು ವಾಪಸ್ ತಗೊಳ್ಳಲ್ಲ. ನೀವು ದೇವರವರು, ಅದಕ್ಕೇ ಹಂಗೆ ಬದುಕಿ ಅನ್ನೋದು ಅವನ ಧಾಟಿ. ನನಗೆ ಇಡೀ ಪತ್ರದಲ್ಲಿ ತುಂಬಾ ತಟ್ಟೋದು ಅದೇ.

ಬಂಟ್ವಾಳದ ಕಡೆಯವ:
ಮುಡಿಪು ಅಂದಿದ್ದಕ್ಕೆ ಬರೀತಿದ್ದೇನೆ, ಯಾಕಂದ್ರೆ ನಮ್ಮ ಕಡೆ ಮುಡಿಪು ಅಂತ ಊರೇ ಉಂಟು, ಅಲ್ಲಿ ಗುಡ್ಡೆ ಮೇಲೆ ಸಂತ ಜೋಸೆಫ್ ವಾಜರ ಪುಣ್ಯಕ್ಷೇತ್ರ. ಗೋವಾದವರು, ಹುಟ್ಟಿದ್ದು 1651, 1681ರಿಂದ ಮೂರು ವರ್ಷ ನಮ್ಮ ಕೆನರಾದಲ್ಲಿದ್ದರು, ಆಮೇಲೆ ಡಚ್ಚರು ಕ್ಯಾಥೊಲಿಕರನ್ನ ಹತ್ತಿಕ್ಕುತ್ತಿದ್ದ ಶ್ರೀಲಂಕಾಕ್ಕೆ ವೇಷ ಮರೆಸಿ ಹೋದರು. ಕ್ಯಾಂಡಿಯಲ್ಲಿ ಸಿಡುಬು ಬಂದಾಗ ಮನೆಯವರೇ ಬಿಟ್ಟುಹೋದ ರೋಗಿಗಳನ್ನ ನೋಡಿಕೊಂಡರು. ತೀರಿಕೊಂಡದ್ದು 1711, ಸಂತ ಅಂತ ಘೋಷಣೆ ಆದದ್ದು 2015ರ ಜನವರಿ 14ಕ್ಕೆ, ಕೊಲಂಬೊದಲ್ಲಿ.

ಈಗ ನಿಮ್ಮ ಪ್ರಶ್ನೆ. ಪೋಪ್ ಯಾರನ್ನೂ ಸಂತ ಮಾಡುವುದಿಲ್ಲ, ಇವರು ದೇವರ ಹತ್ತಿರ ಇದ್ದಾರೆ ಅಂತ ಸಭೆ ಗುರುತಿಸುವುದು ಅಷ್ಟೆ. ದೇವರ ಸೇವಕ, ಪೂಜ್ಯ, ಧನ್ಯ, ಸಂತ ಅಂತ ಹಂತ ಉಂಟು, ಸಾಧಾರಣವಾಗಿ ಪವಾಡದ ಪರಿಶೀಲನೆಯೂ ಉಂಟು, ವಾಜರಿಗೆ ಎರಡನೇ ಪವಾಡದ ನಿಯಮವನ್ನ ಪೋಪ್ ಫ್ರಾನ್ಸಿಸ್ ಸಡಿಲಿಸಿದರು. ಹೆಸರು ಗೊತ್ತಿಲ್ಲದ ಸಂತರೇ ಜಾಸ್ತಿ, ನವೆಂಬರ್ 1ರ ಹಬ್ಬದಲ್ಲಿ ಅವರೂ ಸೇರಿದ್ದಾರೆ. ನನ್ನ ಅಜ್ಜಿಯೂ ಅದರಲ್ಲಿ ಇದ್ದಾರೆ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಹುಬ್ಬಳ್ಳಿ ಮಗಳು:
ಇಬ್ರಿಗೂ ಥ್ಯಾಂಕ್ಸ್. ಆದ್ರೆ 1 ತಿಮೊಥೆ 2:5ರಲ್ಲಿ ದೇವರಿಗೂ ಮನುಷ್ಯರಿಗೂ ಮಧ್ಯಸ್ಥ ಕ್ರಿಸ್ತ ಒಬ್ಬನೇ ಅಂತ ಇದೆಯಲ್ಲ, ಅಂತೋನಿಯವ್ರನ್ನ ಕೇಳೋದು ಅದಕ್ಕೆ ವಿರುದ್ಧ ಆಗಲ್ವಾ?

ಬಂಟ್ವಾಳದ ಕಡೆಯವ:
ನಿಮಗೆ ಹುಷಾರಿಲ್ಲದಾಗ ನನಗೋಸ್ಕರ ಪ್ರಾರ್ಥನೆ ಮಾಡಿ ಅಂತ ಪಾಸ್ಟರ್ ಹತ್ತಿರ ಕೇಳ್ತೀರಲ್ಲ, ನಾವು ಸಂತರ ಹತ್ತಿರ ಕೇಳುವುದೂ ಅದೇ, ಕೊಡುವವನು ದೇವರೇ. ಆರಾಧನೆ ದೇವರಿಗೆ ಮಾತ್ರ, ಸಂತರಿಗೆ ಗೌರವ, ಈ ವ್ಯತ್ಯಾಸ ಸಭೆಯಲ್ಲಿ ಹಳೆಯದು. ಇಬ್ರಿಯ 12:1ರಲ್ಲಿ ಸಾಕ್ಷಿಗಳು ಮೇಘದ ಹಾಗೆ ನಮ್ಮ ಸುತ್ತ ಇದ್ದಾರೆ ಅಂತ ಉಂಟಲ್ಲ.

ಧಾರವಾಡದ ಓದುಗ:
ಇಲ್ಲಿ ನಾನು ಒಪ್ಪಲ್ಲ ಬ್ರದರ್. ಪಾಸ್ಟರ್ ಎದುರಿಗೆ ಇದ್ದಾರೆ, ತೀರಿಹೋದವರ ಹತ್ರ ಕೇಳಿ ಅಂತ ಬೈಬಲ್ ವಾಕ್ಯ ಎಲ್ಲೂ ಹೇಳಲ್ಲ. ಲೂಥರನ್ನರು ತಮ್ಮ ನಂಬಿಕೆ ಏನು ಅಂತ ಬರೆದಿಟ್ಟ 1530ರ ಆಗ್ಸ್‌ಬರ್ಗ್ ಅರಿಕೆಯ 21ನೇ ಕಲಮಲ್ಲೂ ಸಂತರನ್ನ ನೆನೀರಿ, ಅವರ ನಂಬಿಕೆ ನೋಡಿ ಕಲೀರಿ, ಆದ್ರೆ ಸಹಾಯ ಬೇಡೋದು ಕ್ರಿಸ್ತನ ಹತ್ರ ಅಂತಿದೆ. ಆದ್ರೆ ವಾಜರ ಕಥೆ ನಮ್ಮ ಸಂಡೇ ಸ್ಕೂಲ್ ಮಕ್ಕಳಿಗೂ ಹೇಳ್ಬೇಕು ಅನ್ನಿಸ್ತು.

ಹುಬ್ಬಳ್ಳಿ ಮಗಳು:
ಮಗಳಿಗೆ ರಾತ್ರಿ ಹೇಳ್ದೆ, ನಿನ್ನ ದೀಕ್ಷಾಸ್ನಾನದ ದಿನಾನೇ ನಿನ್ನನ್ನ ದೇವರಿಗೆ ಮುಡಿಪಾಗಿ ಇಟ್ಟಾಯ್ತು ಪುಟ್ಟಿ ಅಂತ. ಹಂಗಾದ್ರೆ ನಾಳೆಯಿಂದ ತಮ್ಮನಿಗೆ ಹೊಡೀಬಾರ್ದಾ ಅಂದ್ಲು. ಬರೋ ಭಾನುವಾರ ಅತ್ತೆ ಜೊತೆ ಮುಡಿಪು ಗುಡ್ಡೆಗೆ ಹೋಗ್ತಿದ್ದೀವಿ, ಅಪ್ಪನಿಗೂ ಫೋನ್ ಮಾಡಿ ಬಾ ಅಂದಿದ್ದೀನಿ.