‘ದ್ವಿಪಥ’ ಅಂದ್ರೆ ಯಾವ ರಸ್ತೆ? ನಡುವೆ ಡಿವೈಡರ್ ಇಲ್ಲದ ಹೆದ್ದಾರಿಗೆ ಪದ ಬೇಕು

ಎಲ್ಲರಿಗೂ ನಮಸ್ಕಾರ,

ಹೆದ್ದಾರಿ ಪಕ್ಕದ ಊರುಗಳಲ್ಲಿ ಹಂಚೋಕೆ ರಸ್ತೆ ಸುರಕ್ಷತೆ ಬಗ್ಗೆ ಸಣ್ಣದೊಂದು ಕೈಪಿಡಿ ಬರೀತಿದೀನಿ, ಮೊದಲನೇ ಪುಟದಲ್ಲೇ ತಡವರಿಸ್ತಿದೀನಿ. ಸಿಂಗಲ್ ಕ್ಯಾರೇಜ್‌ವೇ ಅಂತಾರಲ್ಲ, ಅಂದ್ರೆ ಹೋಗೋ ಗಾಡಿ ಬರೋ ಗಾಡಿ ಎರಡೂ ಒಂದೇ ಟಾರಿನ ಮೇಲೆ, ನಡುವೆ ಬರೀ ಬಣ್ಣದ ಗೆರೆ, ಅದಕ್ಕೆ ಕನ್ನಡದಲ್ಲಿ ಏನನ್ನೋಣ?

ಪತ್ರಿಕೆಗಳಲ್ಲಿ ದ್ವಿಪಥ, ಚತುಷ್ಪಥ, ಷಟ್ಪಥ ಅಂತ ಬರುತ್ತೆ, ಬೆಂಗಳೂರು–ಮೈಸೂರು ಹೆದ್ದಾರಿ ಆದಮೇಲೆ ದಶಪಥವೂ ಬಂತು. ಇವೆಲ್ಲ ಲೇನ್ ಎಣಿಸೋ ಪದಗಳು, ನಡುವೆ ತಡೆ ಇದೆಯೋ ಇಲ್ವೋ ಅನ್ನೋದು ಇದರಲ್ಲಿ ತಿಳಿಯೋದೇ ಇಲ್ಲ. ಏಕಪಥ ಅಂದ್ರೆ ಒಂದೇ ಗಾಡಿ ಹಿಡಿಸೋ ಹಳ್ಳಿ ರೋಡು ಅನ್ಕೋತಾರೆ, ಏಕಮುಖ ಅಂದ್ರೆ ಒನ್‌ವೇ ಆಗೋಯ್ತು. ದ್ವಿಪಥವನ್ನ ಕೆಲವರು ಟೂ ಲೇನ್‌ಗೆ ಹೇಳಿದ್ರೆ ಇನ್ನು ಕೆಲವರು ಡಿವೈಡರ್ ಇರೋ ರಸ್ತೆಗೇ ಹೇಳ್ತಾರೆ, ಹಾಗಾಗಿ ಅಪಾಯ ಜಾಸ್ತಿ ಇರೋದಕ್ಕೂ ಕಮ್ಮಿ ಇರೋದಕ್ಕೂ ಒಂದೇ ಹೆಸರಾಗಿಬಿಟ್ಟಿದೆ.

ನನ್ನ ತಲೇಲಿರೋದು ಹುಬ್ಬಳ್ಳಿ–ಧಾರವಾಡ ಬೈಪಾಸ್. ಪುಣೆ–ಬೆಂಗಳೂರು ಹೆದ್ದಾರಿ ಆ ಕಡೆನೂ ಈ ಕಡೆನೂ ಅಗಲವಾಗಿ, ಮಧ್ಯೆ ಡಿವೈಡರ್ ಸಮೇತ ಬರುತ್ತೆ, ಗಬ್ಬೂರಿಂದ ನರೇಂದ್ರ ತನಕ ಸುಮಾರು 30 ಕಿಮೀ ಮಾತ್ರ ಎರಡೇ ಲೇನ್ ಉಳಿದಿತ್ತು, ನೂರರಲ್ಲಿ ಓಡಿಸ್ಕೊಂಡು ಬಂದ ಡ್ರೈವರ್‌ಗೆ ಇದ್ದಕ್ಕಿದ್ದಂಗೆ ಎದುರಿಗೆ ಲಾರಿ. 2021ರ ಜನವರಿ 15, ಸಂಕ್ರಾಂತಿ ಮಾರನೇ ದಿನ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಟೆಂಪೊ ಟ್ರಾವೆಲರ್‌ಗೂ ಟಿಪ್ಪರ್‌ಗೂ ಇಟಿಗಟ್ಟಿ ಹತ್ರ ಮುಖಾಮುಖಿ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜನ ಹೋದ್ರು. ಅವರ ಮನೆಯವರು ಅಳ್ತಾ ಕೂರದೆ ರಸ್ತೆ ಸರಿಮಾಡಿ ಅಂತ ಬೀದಿಗಿಳಿದ್ರು, 2022ರಲ್ಲಿ ಷಟ್ಪಥಕ್ಕೆ ಶಂಕುಸ್ಥಾಪನೆನೂ ಆಯ್ತು. ಆದ್ರೆ ಆಗಿನ ಮಾತೆಲ್ಲ ‘ಅಗಲೀಕರಣ, ಅಗಲೀಕರಣ’ ಅಂತಲೇ ಇತ್ತು. ಎಲ್ಲಾ ಕಡೆ ಆರು ಲೇನಿಗೆ ಜಾಗ, ದುಡ್ಡು ಎಲ್ಲಿ ಬರುತ್ತೆ ಹೇಳಿ. ಎರಡೂ ಗಾಡಿ ಎಂಬತ್ತರಲ್ಲಿ ಬರ್ತಿದ್ರೆ ನಡುವಿನ ಅಂತರ ಸೆಕೆಂಡಿಗೆ ಸುಮಾರು 44 ಮೀಟರ್ ಕರಗುತ್ತೆ, ಓವರ್‌ಟೇಕ್‌ಗೆ ಹೊರಗೆ ಬಂದವನು ವಾಪಸ್ ಲೇನಿಗೆ ಸೇರೋಕೆ ಟೈಮೇ ಇರಲ್ಲ. ಅಂಥ ಕಡೆ ಮೊದಲು ಬೇಕಿರೋದು ಎದುರು ಬರೋರನ್ನ ಬೇರೆ ಮಾಡೋ ತಡೆ.

ಸ್ವೀಡನ್‌ನವರು 1998ರಲ್ಲಿ ಹಿಂಗೇ ಮಾಡಿದ್ರು. 13 ಮೀಟರ್ ಅಗಲದ ಹಳೇ ರಸ್ತೆಯನ್ನ ಅಗಲ ಮಾಡೋಕೇ ಹೋಗದೆ ಮೂರು ಲೇನ್ ಗೆರೆ ಹಾಕಿ ನಡುವೆ ಉಕ್ಕಿನ ಹಗ್ಗದ ಬೇಲಿ ಕಟ್ಟಿದ್ರು, ಒಂದಷ್ಟು ದೂರ ಈ ಕಡೆಯವರಿಗೆ ಎರಡು ಲೇನ್, ಆಮೇಲೆ ಆ ಕಡೆಯವರಿಗೆ, ಓವರ್‌ಟೇಕ್ ಮಾಡೋರು ತಮ್ಮ ಸರದಿಗೆ ಕಾಯಬೇಕು ಅಷ್ಟೇ. ಇಂಥ ರಸ್ತೆಗಳಲ್ಲಿ ಸಾವು ಮುಕ್ಕಾಲು ಭಾಗದಷ್ಟು ಇಳಿದಿದೆ. ಇಂಗ್ಲಿಷಲ್ಲಿ ಟೂ ಪ್ಲಸ್ ಒನ್ ಅಂತಾರೆ, ನಾನು ‘ಸರದಿ ಲೇನ್ ರಸ್ತೆ’ ಅಂತ ಬರೆದಿದೀನಿ, ಅರ್ಥ ಆಗುತ್ತಾ?

ಈಗ ಮೊದಲಿನ ಪದಕ್ಕೆ ಬರ್ತೀನಿ. ಬೆಂಗಳೂರಲ್ಲಿ ಕೆಂಗಲ್ ಹನುಮಂತಯ್ಯ ರಸ್ತೆಗೆ ಜನ ಇವತ್ತಿಗೂ ಡಬಲ್ ರೋಡ್ ಅಂತಾರೆ, ರೈಲಿನಲ್ಲಿ ಜೋಡಿ ಹಳಿ ಅನ್ನೋದು ಎಲ್ಲರಿಗೂ ಗೊತ್ತು, ಹಂಗಾಗಿ ಡಿವೈಡರ್ ಇರೋದಕ್ಕೆ ‘ಜೋಡಿ ರಸ್ತೆ’ ಸರಿಹೋಗುತ್ತೆ ಅನ್ಸುತ್ತೆ. ಆದ್ರೆ ಅದರ ಎದುರು ‘ಒಂಟಿ ರಸ್ತೆ’ ಅಂದ್ರೆ ಜನ ಇಲ್ಲದ ದಾರಿ ಅನ್ನೋ ಅರ್ಥ ಬರುತ್ತೆ, ಇದೋ ಗಾಡಿ ತುಂಬಿ ತುಳುಕೋ ರಸ್ತೆ. ‘ನಡುತಡೆ ಇಲ್ಲದ ರಸ್ತೆ’ ಉದ್ದ ಆದ್ರೂ ಖಚಿತ. ‘ಎದುರುಬದುರು ರಸ್ತೆ’ ಅಂತಲೂ ಹೊಳೀತು, ಓದಿದ ತಕ್ಷಣ ಎದುರಿಂದ ಗಾಡಿ ಬರುತ್ತೆ ಅನ್ನೋ ಎಚ್ಚರ ಇದರಲ್ಲೇ ಇದೆ, ನನಗೆ ಇದೇ ಹೆಚ್ಚು ಹಿಡಿಸಿದೆ.

ಇನ್ನೊಂದು, ಬ್ಲ್ಯಾಕ್ ಸ್ಪಾಟ್ (ಮತ್ತೆ ಮತ್ತೆ ಅಪಘಾತ ಆಗೋ ಜಾಗ) ಅನ್ನೋದನ್ನ ಕಪ್ಪುಚುಕ್ಕೆ ಅಂತ ದಯವಿಟ್ಟು ಯಾರೂ ಸೂಚಿಸಬೇಡಿ, ಅದು ನಡತೆ ಬಗ್ಗೆ ಆಡೋ ಮಾತು. ಬೋರ್ಡಿನಲ್ಲಿರೋ ‘ಅಪಘಾತ ವಲಯ’ವನ್ನೇ ಇಟ್ಕೋತೀನಿ.

ಲಾರಿ, ಬಸ್ ಓಡಿಸೋರ ಜೊತೆ ಒಡನಾಟ ಇರೋರು, ಲೋಕೋಪಯೋಗಿ ಇಲಾಖೆ ಕಾಗದಪತ್ರ ನೋಡಿರೋರು ಇಲ್ಲಿ ಇದೀರಿ. ನಿಮ್ಮ ಕಡೆ ಡ್ರೈವರ್‌ಗಳು ಇಂಥ ರಸ್ತೆಗೆ ‘ಸಿಂಗಲ್ ರೋಡ್’ ಅಂತಲೇ ಅಂತಾರಾ, ಬೇರೆ ಏನಾದ್ರೂ ಮಾತಿದೆಯಾ? ‘ಎದುರುಬದುರು ರಸ್ತೆ’ ಕಿವಿಗೆ ಹೇಗೆ ಕೇಳುತ್ತೆ?